ಕಲ್ಯಾಣ ಮಂಟಪದಲ್ಲಿ ಕಡಂಬುಟ್ಟು: ಮನೆ ಕಳೆದುಕೊಂಡ ಒಂದು ಕೊಡಗಿನ ಕುಟುಂಬ ಊಟ ಉಳಿಸಿಕೊಂಡ ಬಗೆ

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಗುಡ್ಡಗಳು ಜಾರಿದವು. ಮಕ್ಕಂದೂರು, ಹೆಬ್ಬೆಟ್ಟಗೇರಿ, ಕಾಲೂರು, ಮುಕ್ಕೋಡ್ಲು, ಮೊಣ್ಣಂಗೇರಿ, ಜೋಡುಪಾಲ. ಅಲ್ಲಿಯವರೆಗೆ ಹೊರಗಿನವರಿಗೆ ಗೊತ್ತೇ ಇಲ್ಲದ ಊರುಗಳ ಹೆಸರು ಒಂದೇ ವಾರದಲ್ಲಿ ಎಲ್ಲರ ಬಾಯಲ್ಲಿ ಬಂತು. ಸಾವಿರಾರು ಜನ ಉಟ್ಟ ಬಟ್ಟೆಯಲ್ಲೇ ಇಳಿದು ಬಂದು ಶಾಲೆ, ಸಮುದಾಯ ಭವನ, ಕಲ್ಯಾಣ ಮಂಟಪಗಳಲ್ಲಿ ತೆರೆದ ಪರಿಹಾರ ಕೇಂದ್ರ ಸೇರಿದರು. ಹೋದ ಮನೆ, ಹೋದ ತೋಟ, ಹೋದ ರಸ್ತೆಗಳ ಬಗ್ಗೆ ಆಮೇಲೆ ಬೇಕಾದಷ್ಟು ವರದಿ ಬಂತು. ಅಡುಗೆ ಮನೆಯ ಜೊತೆ ಏನೇನು ಹೋಯಿತು ಎಂಬುದರ ಬಗ್ಗೆ ಬಂದಿದ್ದು ತುಂಬಾ ಕಡಿಮೆ. ಅದನ್ನು ಒಂದು ಕುಟುಂಬದ ಮೂಲಕ ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ಮಡಿಕೇರಿಯ ಒಂದು ಕಲ್ಯಾಣ ಮಂಟಪದಲ್ಲಿದ್ದ ಕೇಂದ್ರದ ಅಡುಗೆ ಮನೆಯಲ್ಲಿ ಸ್ವಯಂಸೇವಕಿಯಾಗಿದ್ದೆ. ಈ ಕುಟುಂಬದ ಪರಿಚಯ ಆಗಿದ್ದು ಅಲ್ಲೇ. ಅರೆಭಾಷೆ ಮಾತಾಡುವ ಗೌಡರ ಮನೆ. ಎಪ್ಪತ್ತು ದಾಟಿದ ಅಜ್ಜಿ, ಮಗ, ಸೊಸೆ, ಇಬ್ಬರು ಸಣ್ಣ ಮಕ್ಕಳು. ಮೇಲೆ ಒಂದಿಷ್ಟು ಕಾಫಿ, ಕಾಳುಮೆಣಸು, ಕೆಳಗೆ ಗದ್ದೆ. ಮನೆ ಹಿಂದಿನ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಕುಸಿದು ಅಡುಗೆ ಮನೆಯ ಮೇಲೇ ಬಿತ್ತು. ಗದ್ದೆ ಮಣ್ಣಿನಡಿ ಹೋಯಿತು. ಅವರ ಹೆಸರನ್ನೂ ಊರನ್ನೂ ಬರೆಯುವುದಿಲ್ಲ. ಅದು ಅವರ ಕೋರಿಕೆ.

ಹೊಟ್ಟೆಗೆ ಕಮ್ಮಿ ಇರಲಿಲ್ಲ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕೇಂದ್ರದಲ್ಲಿ ಯಾರೂ ಹಸಿದು ಮಲಗಲಿಲ್ಲ. ಮೈಸೂರು, ಬೆಂಗಳೂರು, ಮಂಗಳೂರು ಕಡೆಯಿಂದ ಲಾರಿಗಟ್ಟಲೆ ಅಕ್ಕಿ, ಬೇಳೆ, ಬಿಸ್ಕತ್ತು, ಬ್ರೆಡ್ಡು, ನೀರಿನ ಬಾಟಲಿ ಬಂತು. ಬೆಳಗ್ಗೆ ಉಪ್ಪಿಟ್ಟು ಇಲ್ಲವೇ ಚಿತ್ರಾನ್ನ. ಮಧ್ಯಾಹ್ನ ಅನ್ನ, ಸಾರು, ಪಲ್ಯ. ರಾತ್ರಿ ಮತ್ತೆ ಅನ್ನ. ಕಳಿಸಿದವರ ಮನಸ್ಸು ದೊಡ್ಡದು. ಹಗಲು ರಾತ್ರಿ ನಿಂತು ಬೇಯಿಸಿದ ಅಡುಗೆಯವರ ಋಣವೂ ದೊಡ್ಡದು.

ಆದರೂ ಅಜ್ಜಿಯ ತಟ್ಟೆಯಲ್ಲಿ ದಿನವೂ ಅರ್ಧ ಉಳಿಯುತ್ತಿತ್ತು. ಹುಷಾರಿಲ್ಲವೇನೋ ಎಂದು ಡಾಕ್ಟರಿಗೆ ತೋರಿಸಿದೆವು. ಏನೂ ತೊಂದರೆ ಇರಲಿಲ್ಲ. ಕೇಳಿದರೆ, "ಹೊಟ್ಟೆ ತುಂಬಿದೆ ಮಗ, ಉಂಡ ಹಾಗೆ ಆಗ್ಲಿಲ್ಲ ಅಷ್ಟೇ" ಎಂದರು.

ಆ ಸೀಮೆಯ ಮಳೆಗಾಲ ಬಲ್ಲವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವುದೇ ಅಪರೂಪ. ಬೆಳಗ್ಗೆ ಒಲೆ ಮುಂದೆ ಕೂತು ಕೆಂಡದ ಮೇಲೆ ಉಬ್ಬಿದ ಅಕ್ಕಿ ರೊಟ್ಟಿಯನ್ನು ಖಾರದ ಚಟ್ನಿ ಜೊತೆ ತಿನ್ನಬೇಕು. ಇಲ್ಲಿನ ರೊಟ್ಟಿಗೆ ಬರೀ ಹಿಟ್ಟು ಸಾಲದು. ಹಿಂದಿನ ದಿನದ ಅನ್ನವನ್ನು ಹಿಟ್ಟಿನ ಜೊತೆ ಚೆನ್ನಾಗಿ ನಾದಿ, ತೆಳ್ಳಗೆ ಮಾಡಿ, ಎಣ್ಣೆ ಹಾಕದೆ ಕಾವಲಿಯಲ್ಲಿ ಸುಟ್ಟು, ಕೊನೆಗೆ ಕೆಂಡಕ್ಕೆ ಹಿಡಿಯುತ್ತಾರೆ. ಐನೂರು ಜನರ ಅಡುಗೆಯಲ್ಲಿ ಇದು ಆಗದ ಕೆಲಸ. ಒಪ್ಪುತ್ತೇನೆ. ಹಾಗಂತ ಅಜ್ಜಿಗೆ ಅದು ಬೇಡ ಅಂತಾಗುವುದಿಲ್ಲ ಅಲ್ವಾ?

ಇನ್ನೊಂದು ನೋವು ಇದಕ್ಕಿಂತ ದೊಡ್ಡದು. ಬಂದವರಿಗೆಲ್ಲ ಬಡಿಸಿದ ಕೈ ಈಗ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕಿತ್ತು. ಸೊಸೆಗೂ ಅದೇ ಸಂಕಟ. ಹಾಲ್ ಒಳಗೆ ಒಲೆ ಹಚ್ಚುವಂತಿಲ್ಲ ಎಂಬ ನಿಯಮ ಸರಿಯಾಗಿಯೇ ಇತ್ತು. ಚಾಪೆಗಳ ನಡುವೆ ಮಕ್ಕಳು ಓಡಾಡುವಾಗ ಬೆಂಕಿ ಅಪಾಯ. ಆದರೆ ಆ ನಿಯಮದಿಂದಾಗಿ ನೂರಕ್ಕೂ ಹೆಚ್ಚು ಹೆಂಗಸರು ಇಡೀ ದಿನ ಸುಮ್ನೆ ಕೂತಿದ್ದರು. ಕೂತಷ್ಟೂ ಕುಸಿದ ಮನೆಯೇ ಕಣ್ಣ ಮುಂದೆ ಬರುತ್ತಿತ್ತು.

ಸೆಪ್ಟೆಂಬರ್ 3

ಆ ವರ್ಷ ಹಬ್ಬಗಳು ಒಂದರ ಹಿಂದೆ ಒಂದು ಕೇಂದ್ರದಲ್ಲೇ ಬಂದವು. ಆಗಸ್ಟ್ 22ಕ್ಕೆ ಬಕ್ರೀದ್, 25ಕ್ಕೆ ಓಣಂ, ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ. ಕೊಡವರು ಇದನ್ನು ಕೈಲ್ ಪೊಳ್ದ್ ಅನ್ನುತ್ತಾರೆ. ನಾಟಿ ಕೆಲಸ ಮುಗಿದು, ಕತ್ತಿ, ಕೋವಿ, ನೇಗಿಲು ತೊಳೆದಿಟ್ಟು ಪೂಜೆ ಮಾಡುವ ಹಬ್ಬ. ಆ ದಿನ ಕಡಂಬುಟ್ಟು (ಅಕ್ಕಿ ತರಿಯ ಉಂಡೆ, ಉಗಿಯಲ್ಲಿ ಬೇಯಿಸಿದ್ದು) ಮತ್ತು ಹಂದಿ ಕರಿ ಇಲ್ಲದ ಮನೆ ಇಲ್ಲಿ ಕಡಿಮೆ. ಬಕ್ರೀದ್ ಮತ್ತು ಓಣಂ ದಿನ ಹೊರಗಿನಿಂದ ನೆಂಟರು ಒಂದಿಷ್ಟು ಅಡುಗೆ ತಂದಿದ್ದರು. ಕೈಲ್ ಮುಹೂರ್ತ ಹತ್ತಿರ ಬಂದಾಗ ಅಜ್ಜಿ ನನ್ನನ್ನು ಕರೆದು, "ತಂದ ಅಡುಗೆ ಬೇಡ. ಒಂದು ಒಲೆ ಕೊಡಿಸ್ತೀಯಾ?" ಎಂದು ಕೇಳಿದರು.

ಮಂಟಪದ ಹಿಂದೆ ಪಾತ್ರೆ ತೊಳೆಯುವ ಶೆಡ್ ಇತ್ತು. ಮೇಲೆ ಶೀಟು, ಮೂರು ಕಡೆ ತೆರೆದಿತ್ತು. ಅಲ್ಲಿ ಒಂದು ದೊಡ್ಡ ಗ್ಯಾಸ್ ಒಲೆ ಇಡಲು ಉಸ್ತುವಾರಿಯವರು ಒಪ್ಪಿದರು. ಒಲೆ ಸಿಕ್ಕಿತು. ಕಷ್ಟ ಶುರುವಾಗಿದ್ದು ಅಲ್ಲಿಂದ.

ಕಡಂಬುಟ್ಟಿಗೆ ಅಕ್ಕಿ ತರಿ ಬೇಕು. ದಾಸ್ತಾನು ಕೋಣೆಯಲ್ಲಿ ಅಕ್ಕಿ ಮೂಟೆ ಚಾವಣಿ ಮುಟ್ಟುವಷ್ಟಿತ್ತು, ತರಿ ಒಂದು ಹಿಡಿಯೂ ಇರಲಿಲ್ಲ. ಅಕ್ಕಿ ತೊಳೆದು ಒಣಗಿಸಲು ಬಿಸಿಲಿಲ್ಲ. ದಾನ ಬಂದ ಹೊಸ ಬೆಡ್‌ಶೀಟ್ ಹಾಸಿ, ಅದರ ಮೇಲೆ ಹರಡಿ, ರಾತ್ರಿಯಿಡೀ ಫ್ಯಾನ್ ಹಾಕಿದೆವು. ಬೆಳಗ್ಗೆ ಮಂಟಪದ ಮಿಕ್ಸಿಯಲ್ಲಿ ತಡೆತಡೆದು ಒಡೆದು ಜರಡಿ ಹಿಡಿದರು. ಬಂದಿದ್ದು ಸೋನಾ ಮಸೂರಿ. ಗದ್ದೆಯ ದಪ್ಪ ಅಕ್ಕಿಯ ಹಾಗೆ ಅದು ತರಿ ಆಗುವುದಿಲ್ಲ, ಅರ್ಧ ಹಿಟ್ಟಾಗುತ್ತದೆ. ಮಾಮೂಲಿಗೆ ಒಂದು ಪಾಲು ತರಿಗೆ ಎರಡು ಪಾಲು ನೀರು. ಆ ಅಳತೆಯಲ್ಲಿ ಮಾಡಿದ ಮೊದಲ ಹಬೆ ಅಂಟಂಟಾಯಿತು. ಅಜ್ಜಿ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, ಏನೂ ಹೇಳದೆ, ಮುಂದಿನ ಪಾತ್ರೆಗೆ ನೀರು ಸ್ವಲ್ಪ ಕಮ್ಮಿ ಸುರಿದರು. ನೀರು ಕುದಿ ಬಂದ ಮೇಲೆ ಉಪ್ಪು, ಚೂರು ತುಪ್ಪ, ಏಲಕ್ಕಿ. ತರಿ ಸುರಿದು ಮುಚ್ಚಿ, ಬೆಂಕಿ ಸಣ್ಣ ಮಾಡಿ, ಬೆಂದ ಮೇಲೆ ಇಳಿಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಬೇಕು. ಆರಿದರೆ ಉಂಡೆ ಬಿರುಕು ಬಿಡುತ್ತದೆ. ನಾದುತ್ತಿದ್ದ ಸೊಸೆಯ ಅಂಗೈ ಕೆಂಪಾಗಿತ್ತು. ಉಗಿಯಲ್ಲಿ ಬೇಯಿಸಲು ಇಡ್ಲಿ ಪಾತ್ರೆಗೇ ಒದ್ದೆ ಬಟ್ಟೆ ಹಾಸಿದರು.

ಇನ್ನು ಹಂದಿ ಕರಿ. ಮಂಟಪದಲ್ಲಿ ಮಾಂಸ ಬೇಯಿಸುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದೇ ಹಾಲ್‌ನಲ್ಲಿ ಮುಸ್ಲಿಂ ಮನೆಗಳಿದ್ದವು, ಸಸ್ಯಾಹಾರಿಗಳೂ ಇದ್ದರು. ಕೆಲವು ಗಂಡಸರಿಗೆ ಬೇಸರವಾಯಿತು. ಕೋವಿ ಪೂಜೆಯ ದಿನ ಸಪ್ಪೆ ಊಟವೇ ಎಂದು ಮಾತೂ ಬಂತು. ಅವರ ಬೇಸರ ಸುಳ್ಳಲ್ಲ. ಆ ಹಬ್ಬಕ್ಕೆ ಆ ಊಟವೇ ಮುಖ್ಯ. ಅಜ್ಜಿ ಮಾತ್ರ ಖಂಡಿತವಾಗಿ ಬೇಡ ಎಂದರು. ಪಕ್ಕದ ಚಾಪೆಯವರು ಮೂಗು ಮುಚ್ಚಿಕೊಂಡು ಕೂರುವ ಊಟ ಹಬ್ಬದೂಟ ಆಗುವುದಿಲ್ಲ ಎಂಬುದು ಅವರ ಮಾತು.

ಬದಲಿಗೆ ಬಂದಿದ್ದು ಕಣಿಲೆ. ಎಳೆ ಬಿದಿರಿನ ಮೊಳಕೆ, ಕೊಡವರ ಬೈಂಬಳೆ. ಭಾಗಮಂಡಲ ಕಡೆಯ ನೆಂಟರೊಬ್ಬರು ಚೀಲದಲ್ಲಿ ತಂದುಕೊಟ್ಟರು. ಇದನ್ನು ತಂದ ದಿನವೇ ತಿನ್ನುವ ಹಾಗಿಲ್ಲ. ಹೆಚ್ಚಿ ನೀರಲ್ಲಿ ಹಾಕಿ, ದಿನವೂ ನೀರು ಬದಲಿಸಿ, ಎರಡು ಮೂರು ದಿನ ಇಟ್ಟರೆ ಮಾತ್ರ ಕಹಿಯೂ ವಿಷವೂ ಹೋಗುತ್ತದೆ. ಸ್ನಾನದ ಮನೆಯ ಮೂಲೆಯಲ್ಲಿ ಬಕೆಟ್ ಇಟ್ಟು, ಯಾರೂ ಚೆಲ್ಲದ ಹಾಗೆ ಮಕ್ಕಳನ್ನೇ ಕಾವಲು ಹಾಕಿದರು.

ಅವತ್ತು ಶೆಡ್‌ನಲ್ಲಿ ನಡೆದಿದ್ದನ್ನು ಯಾರೂ ಯೋಜನೆ ಮಾಡಿರಲಿಲ್ಲ. ಉಂಡೆ ಕಟ್ಟುವಾಗ ಮಲಯಾಳ ಮಾತಾಡುವ ಒಬ್ಬ ಮುಸ್ಲಿಂ ಅಕ್ಕ ಬಂದು ಕೂತರು. ಅವರ ಮನೆಯಲ್ಲಿ ಅಕ್ಕಿ ಹಿಟ್ಟಿನ ಪತ್ತಿರಿ ಮಾಡುತ್ತಾರೆ. ಬಿಸಿ ಹಿಟ್ಟು ನಾದಿ ಪಳಗಿದ ಕೈ. ತೋಟದ ಕೆಲಸಗಾರರ ಲೈನ್ ಮನೆಯಿಂದ ಬಂದಿದ್ದ ತಮಿಳು ಅಮ್ಮ ತೆಂಗಿನಕಾಯಿ ತುರಿದುಕೊಟ್ಟರು. ಹಂದಿ ಕರಿ ಮಾಡಿದ್ದರೆ ಇವರು ಹತ್ತಿರ ಬರುತ್ತಿರಲಿಲ್ಲ. ಇದರಿಂದ ಹಂದಿ ಕರಿ ಬಿಟ್ಟಿದ್ದೇ ಒಳ್ಳೆಯದಾಯಿತು ಎಂದು ನಾನು ಹೇಳುತ್ತಿಲ್ಲ. ಹಬ್ಬದ ಒಂದು ಭಾಗ ಆ ವರ್ಷ ಹೋಯಿತು, ಅದು ನಷ್ಟವೇ. ಆದರೆ ಉಳಿದ ಭಾಗ ಉಳಿದಿದ್ದು ಅಷ್ಟು ಕೈ ಸೇರಿದ್ದಕ್ಕೆ.

ಅಜ್ಜಿ ಅವತ್ತು ಕೊನೆಯಲ್ಲಿ ಉಂಡರು, ಎಲ್ಲರಿಗೂ ಬಡಿಸಿದ ಮೇಲೆ. ಮರುದಿನದಿಂದ ಆ ಒಲೆಯನ್ನು ಅಲ್ಲಿಂದ ಎತ್ತಲಿಲ್ಲ. ಬೆಳಗ್ಗೆ ಎರಡು ಗಂಟೆ ಹೊತ್ತು ಹೆಂಗಸರು ಸರದಿ ಹಾಕಿಕೊಂಡು ರೊಟ್ಟಿ ಸುಟ್ಟರು. ವಯಸ್ಸಾದವರಿಗೆ, ಬಾಣಂತಿಯರಿಗೆ ಮೊದಲು. ಉಪ್ಪಿಟ್ಟು ವ್ಯರ್ಥವಾಗುವುದೂ ಕಮ್ಮಿಯಾಯಿತು.

ಬಾಡಿಗೆ ಮನೆ, ಕಾಚಂಪುಳಿ

ಆಮೇಲೆ ಸರ್ಕಾರ ಸಂತ್ರಸ್ತರಿಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಕೊಟ್ಟಿತು. ಈ ಕುಟುಂಬ ಕುಶಾಲನಗರದಲ್ಲಿ ಮನೆ ಹಿಡಿಯಿತು. ಈಗ ಸ್ವಂತ ಒಲೆ ಇತ್ತು, ಇಷ್ಟ ಬಂದಿದ್ದು ಬೇಯಿಸಬಹುದಿತ್ತು. ಹಂದಿ ಮಾಂಸವೂ ಸಿಗುತ್ತಿತ್ತು. ಕಾಚಂಪುಳಿ ಇರಲಿಲ್ಲ.

ಹೊರಗಿನವರಿಗಾಗಿ ಒಂದು ಮಾತು. ಪಣಪುಳಿ ಮರದ ಹಣ್ಣು ಮಳೆಗಾಲದಲ್ಲಿ ಉದುರುತ್ತದೆ. ಆರಿಸಿ ತಂದು ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗೆ ಪಾತ್ರೆ ಇಡುತ್ತಾರೆ. ಹಣ್ಣು ಕೊಳೆತು ರಸ ತಾನೇ ತೊಟ್ಟಿಕ್ಕುತ್ತದೆ. ಆ ರಸವನ್ನು ಗಂಟೆಗಟ್ಟಲೆ ಕಾಯಿಸಿದರೆ ಕಪ್ಪಗೆ, ಗಟ್ಟಿಯಾಗಿ, ವರ್ಷಗಟ್ಟಲೆ ಕೆಡದ ಹುಳಿ ಸಿಗುತ್ತದೆ. ಅದೇ ಕಾಚಂಪುಳಿ. ಹಂದಿ ಕರಿಗೆ ಕೊನೆಯಲ್ಲಿ ಒಂದೆರಡು ಚಮಚ ಹಾಕಿದರೆ ಸಾಕು. ಅಜ್ಜಿಯ ಭರಣಿಯಲ್ಲಿ ಹಳೆಯದಕ್ಕೆ ಹೊಸದು ಸೇರಿಸಿ ಸೇರಿಸಿ ಇಟ್ಟಿದ್ದ ಹುಳಿ ಇತ್ತು. ಅದು ಬರೆಯಡಿ ಹೋಯಿತು. ಮರವೂ ಹೋಯಿತು.

ಅಂಗಡಿಯಿಂದ ಬಾಟಲಿ ತಂದರು. ಅಜ್ಜಿ ಒಂದು ಹನಿ ಸ್ಟೀಲ್ ತಟ್ಟೆಗೆ ಹಾಕಿ ತಟ್ಟೆ ಓರೆ ಮಾಡಿದರು. ನೀರಿನ ಹಾಗೆ ಓಡಿತು. "ಇದು ಕಾಯಿಸಿದ್ದಲ್ಲ, ಬೆರೆಸಿದ್ದು" ಎಂದು ವಾಪಸ್ ಕೊಟ್ಟರು. ಕೊನೆಗೆ ಊರ ಕಡೆಯ ಪರಿಚಯದವರ ಮನೆಯಲ್ಲಿ ಅರ್ಧ ಬಾಟಲಿ ಸಿಕ್ಕಿತು. ಅದನ್ನು ಅವರು ಔಷಧಿ ಹಾಗೆ ಅಳೆದು ಬಳಸಿದರು.

ಕುಶಾಲನಗರದಲ್ಲಿ ಇದ್ದಾಗಲೇ ಸೊಸೆಗೆ ಬೈಲಕುಪ್ಪೆಯ ಪರಿಚಯವಾಯಿತು. ಕಾವೇರಿ ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕು, ಅಲ್ಲಿ ಟಿಬೆಟನ್ ನಿರಾಶ್ರಿತರ ಕ್ಯಾಂಪುಗಳು. 1960ರ ದಶಕದ ಆರಂಭದಲ್ಲಿ ಬಂದವರು ಮೊದಲು ಡೇರೆಗಳಲ್ಲಿದ್ದು, ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಅವರ ದಿನದ ಊಟ ತ್ಸಂಪಾ, ಅಂದರೆ ಹುರಿದ ಬಾರ್ಲಿಯ ಹಿಟ್ಟು. ಬಾರ್ಲಿ ಈ ಬಯಲಿನ ಬೆಳೆಯಲ್ಲ. ಉಪ್ಪು ಬೆಣ್ಣೆ ಹಾಕಿದ ಚಹಾಕ್ಕೆ ಅಲ್ಲಿನ ಚಮರಿ ಮೃಗದ ಬೆಣ್ಣೆ ಇಲ್ಲಿಲ್ಲ. ಆದರೂ ಅರವತ್ತು ವರ್ಷ ಕಳೆದ ಮೇಲೂ ಹೊಸ ವರ್ಷದ ಲೋಸರ್ ಹಬ್ಬಕ್ಕೆ ಖಾಪ್ಸೆ ಎಂಬ ತಿಂಡಿ ಕರಿಯುತ್ತಾರೆ, ಹಸುವಿನ ಬೆಣ್ಣೆಯಲ್ಲೇ ಆ ಚಹಾ ಮಾಡುತ್ತಾರೆ. ಸೊಸೆ ಕೆಲಸಕ್ಕೆ ಸೇರಿದ್ದ ಅಂಗಡಿಯ ಪಕ್ಕದಲ್ಲಿ ಒಬ್ಬ ಟಿಬೆಟನ್ ಹೆಂಗಸು ಸ್ವೆಟರ್ ಮಾರುತ್ತಿದ್ದರು. ಅವರು ಕೊಟ್ಟ ತ್ಸಂಪಾ ತಿಂದು, ನಮ್ಮ ಸುಗ್ಗಿ ಹಬ್ಬ ಪುತ್ತರಿಯ ತಂಬಿಟ್ಟಿನ ಹಾಗೇ ಇದೆ ಎಂದು ಸೊಸೆಗೆ ಆಶ್ಚರ್ಯ. ಅದೂ ಹುರಿದ ಧಾನ್ಯದ ಪುಡಿಯೇ ತಾನೇ. ಇಲ್ಲಿ ಅಕ್ಕಿ, ಬಾಳೆಹಣ್ಣು. ಅಲ್ಲಿ ಬಾರ್ಲಿ, ಬೆಣ್ಣೆ.

ಇಲ್ಲಿ ನನಗೆ ಹೊಳೆದಿದ್ದು ಇಷ್ಟು. ಮೊಮೊ ಈಗ ಕುಶಾಲನಗರದ ಬೀದಿ ಬೀದಿಯಲ್ಲೂ ಸಿಗುತ್ತದೆ. ತ್ಸಂಪಾ ಸಿಗುವುದಿಲ್ಲ. ಅದು ಮನೆಯವರು ಮಾಡಿದರೆ ಮಾತ್ರ ಉಂಟು. ನಮ್ಮದೂ ಹಾಗೇ. ಹಂದಿ ಕರಿ, ಕಡಂಬುಟ್ಟು ಪ್ರತಿ ಹೋಂಸ್ಟೇ ಬೋರ್ಡಿನಲ್ಲಿದೆ, ಅದಕ್ಕೆ ಅಳಿವಿಲ್ಲ. ಪ್ರವಾಸಿಗಳು ಕೇಳದ ತಿನಿಸಿಗೆ ಕಾವಲು ಯಾರು? ಪರಂಪರೆಯ ಊಟ ಉಳಿಸುತ್ತೇವೆ ಎಂದು ಮಡಿಕೇರಿಯಲ್ಲಿ ಆಹಾರ ಮೇಳ ಮಾಡಿದಾಗಲೂ ಜನ ಮುಗಿಬೀಳುವುದು ಹಂದಿ ಕರಿಗೇ. ಮೇಳ ಬೇಡ ಎನ್ನುವುದಿಲ್ಲ. ಅದರಿಂದ ಈ ಅಜ್ಜಿಯ ಅಡುಗೆ ಮನೆಗೆ ಏನೂ ಬರಲಿಲ್ಲ.

ಆ ವರ್ಷದ ಪುತ್ತರಿಗೆ ಕದಿರು ಕೊಯ್ಯಲು ಸ್ವಂತ ಗದ್ದೆ ಇರಲಿಲ್ಲ. ನೆಂಟರ ಗದ್ದೆಯಿಂದ ಒಂದು ಹಿಡಿ ತಂದು ಬಾಡಿಗೆ ಮನೆಯ ಬಾಗಿಲಿಗೆ ಕಟ್ಟಿದರು. ತಂಬಿಟ್ಟು, ಬೇಯಿಸಿದ ಗೆಣಸು ಎರಡೂ ಆಯಿತು. ಮಗ ಮಾತ್ರ ಅವತ್ತು ಊಟಕ್ಕೆ ಕೂರದೆ ಹೊರಗೆ ಹೋಗಿಬಿಟ್ಟ. ಬೇರೆಯವರ ಗದ್ದೆಯ ಹೊಸ ಅಕ್ಕಿ ಅವನ ಗಂಟಲಲ್ಲಿ ಇಳಿಯಲಿಲ್ಲ.

ಬಡಾವಣೆಯ ಮನೆ

2020ರಲ್ಲಿ ಸರ್ಕಾರ ಕಟ್ಟಿಸಿದ ಬಡಾವಣೆಗಳಲ್ಲಿ ಮನೆ ಹಂಚಿಕೆಯಾಯಿತು. ಜಂಬೂರು, ಮದೆನಾಡಿನಂಥ ಕಡೆ. ಈ ಕುಟುಂಬಕ್ಕೂ ಒಂದು ಮನೆ ಬಂತು. ಎರಡು ಮಲಗುವ ಕೋಣೆ, ಹಾಲ್, ಅಡುಗೆ ಮನೆ. ಗಟ್ಟಿ ಮನೆ. ಮಳೆ ಬಂದರೆ ಈಗ ಹೆದರಿಕೆ ಇಲ್ಲ ಎನ್ನುತ್ತಾರೆ. ಅದೇ ದೊಡ್ಡ ವಿಷಯ.

ಅಡುಗೆ ಮನೆಯಲ್ಲಿ ಸೌದೆ ಒಲೆ ಇಲ್ಲ, ಒಲೆ ಮೇಲಿನ ಅಟ್ಟ ಇಲ್ಲ. ಹಳೆ ಮನೆಯಲ್ಲಿ ಆ ಅಟ್ಟದ ಹೊಗೆಯಲ್ಲೇ ಮಾಂಸ ಒಣಗುತ್ತಿತ್ತು, ಬಿತ್ತನೆ ಬೀಜ, ಒಣಮೀನು ಮಳೆಗಾಲ ಪೂರ್ತಿ ಬೂಷ್ಟು ಹಿಡಿಯದೆ ಇರುತ್ತಿತ್ತು. ಈಗ ಫ್ರಿಜ್ ಇದೆ. ಹೊಗೆ ಹಿಡಿದ ಮಾಂಸದ ರುಚಿ ಫ್ರಿಜ್‌ನಲ್ಲಿ ಬರುವುದಿಲ್ಲ. ಮಗ ಹಿಂದುಗಡೆ ಶೀಟ್ ಹಾಕಿ ಒಂದು ಒಲೆ ಕಟ್ಟಿದ್ದಾನೆ. ಶ್ಯಾವಿಗೆ ಒರಳು ಹೊಸದು ತಂದರು, ಹಾಗಾಗಿ ನೂಲ್‌ಪುಟ್ಟು, ಅಂದರೆ ಅಕ್ಕಿ ಶ್ಯಾವಿಗೆ, ಮತ್ತೆ ಶುರುವಾಯಿತು.

ಆಟಿ ಸೊಪ್ಪಿನ ಕತೆ ಸ್ವಲ್ಪ ಉದ್ದ. ಆಗಸ್ಟ್ 3ಕ್ಕೆ ಆಟಿ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ, ಕೊಡವರ ಕಕ್ಕಡ ಪದಿನೆಟ್ಟ್. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬುದು ನಂಬಿಕೆ. ಸೊಪ್ಪು ಕುದಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಹಾಕಿ ಪಾಯಸ ಮಾಡುತ್ತಾರೆ. ಊರಲ್ಲಾದರೆ ಬೇಲಿ ಬದಿಯಲ್ಲಿ, ಮರದ ನೆರಳಲ್ಲಿ ತಾನೇ ಬೆಳೆಯುವ ಗಿಡ. ಯಾರೂ ಅದನ್ನು ನೆಟ್ಟವರಲ್ಲ. ಬಡಾವಣೆ ಇರುವುದು ಗುಡ್ಡ ಸಮ ಮಾಡಿದ ಕೆಂಪು ಮಣ್ಣಿನಲ್ಲಿ, ಮರ ಒಂದೂ ಇಲ್ಲ. ಮೊದಲ ವರ್ಷ ಸೊಸೆ ಮುಂದಿನ ಕಾಂಪೌಂಡ್ ಪಕ್ಕ ನೆಟ್ಟ ಕಡ್ಡಿಗಳೆಲ್ಲ ಬೇಸಿಗೆಗೆ ಒಣಗಿದವು. ಮರು ವರ್ಷ ಬಚ್ಚಲ ನೀರು ಹರಿಯುವ ಕಡೆ, ಗೋಡೆಯ ನೆರಳಿಗೆ ನೆಟ್ಟರು. ಹಿಡಿಯಿತು. ಈಗ ಆ ಸಾಲಿನ ಹಲವು ಮನೆಗಳಲ್ಲಿ ಬಚ್ಚಲ ಹಿಂದೆ ಆಟಿ ಸೊಪ್ಪಿದೆ. ಎಲ್ಲವೂ ಅದೇ ಗಿಡದ ಕಡ್ಡಿ. ಕೆಸುವೂ ಹೀಗೇ ಹರಡಿತು.

ಬಾರದೇ ಹೋದದ್ದೂ ಇದೆ. ಯಾವ ಹುತ್ತದ ಬಳಿ ಯಾವ ಮಳೆಗೆ ಅಣಬೆ ಏಳುತ್ತದೆ, ಗದ್ದೆಯ ಯಾವ ಬದುವಿನಲ್ಲಿ ಏಡಿ ಸಿಗುತ್ತದೆ, ಯಾವ ಮೆಳೆಯ ಕಣಿಲೆ ಕಹಿ ಕಮ್ಮಿ, ಇವೆಲ್ಲ ಅಜ್ಜಿಗೆ ಗೊತ್ತು. ಆದರೆ ಗೊತ್ತಿರುವುದು ಆ ಊರಿನದು. ಆ ಹುತ್ತ, ಆ ಬದು ಈಗಿಲ್ಲ. ಕೈಯಲ್ಲಿದ್ದ ಅಡುಗೆ ಕೈ ಜೊತೆ ಬಂತು. ಪಾತ್ರೆ ಬೇಕಾದ ಅಡುಗೆ ಪಾತ್ರೆ ಸಿಕ್ಕ ಮೇಲೆ ಬಂತು. ನೆಲ ಬೇಕಾದ ಅಡುಗೆಯಲ್ಲಿ ಹೆಚ್ಚಿನದು ಬರಲೇ ಇಲ್ಲ. ಸಣ್ಣ ಮೊಮ್ಮಗ ಕೇಂದ್ರಕ್ಕೆ ಬಂದಾಗ ಐದು ವರ್ಷದವನು. ಏಡಿ ಸಾರು ಅಂದರೆ ಅವನಿಗೆ ಏನೂ ನೆನಪಿಲ್ಲ. ಇದನ್ನು ಬರೆಯುವಾಗ ನನಗೆ ಕಷ್ಟವಾಗುತ್ತಿದೆ.

ಮುಂದಿನ ಮಳೆಗಾಲಕ್ಕೆ

2019ರ ಆಗಸ್ಟ್‌ನಲ್ಲೂ ಕೊಡಗಿನಲ್ಲಿ ಪರಿಹಾರ ಕೇಂದ್ರ ತೆರೆಯಬೇಕಾಯಿತು. ಆ ಸಲ ತೋರದಲ್ಲಿ ಗುಡ್ಡ ಜರಿಯಿತು, ನೆಲ್ಯಹುದಿಕೇರಿ, ಕರಡಿಗೋಡು ಕಡೆ ಕಾವೇರಿ ಮನೆಗಳಿಗೆ ನುಗ್ಗಿತು. ಇನ್ನೂ ಬಾಡಿಗೆ ಮನೆಯಲ್ಲಿದ್ದ ಸೊಸೆ ಇನ್ನಿಬ್ಬರನ್ನು ಕರೆದುಕೊಂಡು ಒಂದು ಕೇಂದ್ರಕ್ಕೆ ಹೋದರು. ಜೊತೆಗೆ ಕಾವಲಿ, ಜರಡಿ, ಒಂದು ಚೀಲ ತರಿ ಒಯ್ದರು. ಏನು ಬೇಕಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಡಳಿತ ಮಾಡಬಹುದಾದ್ದು ದೊಡ್ಡ ಖರ್ಚಿನದಲ್ಲ. ಪ್ರತಿ ಕೇಂದ್ರದ ಹಿಂದೆ ಶೀಟ್ ಹಾಕಿದ ಒಂದು ಜಾಗ, ಎರಡು ಒಲೆ, ಬೆಂಕಿ ಆರಿಸಲು ಮರಳಿನ ಬಕೆಟ್. ದಾಸ್ತಾನಿನ ಪಟ್ಟಿಯಲ್ಲಿ ಸ್ವಲ್ಪ ದಪ್ಪ ಅಕ್ಕಿ, ತರಿ, ಅಕ್ಕಿ ಹಿಟ್ಟು. ದಾನ ಕೊಡುವವರಿಗೆ ನನ್ನ ಕೋರಿಕೆ, ಬಿಸ್ಕತ್ತಿನ ಬದಲು ಒಂದು ಲಾರಿಯಲ್ಲಿ ಕಾವಲಿ, ಉಗಿ ಪಾತ್ರೆ ಕಳಿಸಿ. ಮಾಂಸದ ಪ್ರಶ್ನೆ ಪ್ರತಿ ಕೇಂದ್ರದಲ್ಲೂ ಬರುತ್ತದೆ. ಅದನ್ನು ಅಲ್ಲಿರುವ ಹೆಂಗಸರ ಮುಂದಿಟ್ಟರೆ ಅವರೇ ದಾರಿ ಕಂಡುಕೊಳ್ಳುತ್ತಾರೆ. ನಮ್ಮಲ್ಲಿ ಹಾಗೇ ಆಯಿತು.

ಬಡಾವಣೆಗಳ ವಿಷಯದಲ್ಲಿ ಕೆಲಸ ಇನ್ನೂ ಬಾಕಿ ಇದೆ. ಪ್ರತಿ ಬಡಾವಣೆಯಲ್ಲೂ ಉದ್ಯಾನಕ್ಕೆಂದು ಬಿಟ್ಟ ಜಾಗ ಇರುತ್ತದೆ. ಇವರ ಬಡಾವಣೆಯಲ್ಲಿ ಅದು ಬರೀ ಹುಲ್ಲು ಬೆಳೆದು ಬಿದ್ದಿದೆ. ಅಲ್ಲಿ ಒಂದು ಬಿದಿರು ಮೆಳೆ, ನಾಲ್ಕು ಪಣಪುಳಿ, ನೆರಳಿಗೆ ಒಂದಿಷ್ಟು ಮರ, ಕೆಳಗೆ ಆಟಿ ಸೊಪ್ಪು ಹಾಕಲು ಬಿಡಿ ಎಂದು ಸೊಸೆ ಮತ್ತು ಅಕ್ಕಪಕ್ಕದವರು ಅರ್ಜಿ ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ. ಪುಳಿ ಸಸಿಗಳನ್ನು ಮಾತ್ರ ಆಗಲೇ ತಂದು ಕವರ್‌ನಲ್ಲಿ ಬೆಳೆಸುತ್ತಿದ್ದಾರೆ. ಜಾಗ ಸಿಕ್ಕರೆ ಮೊದಲ ಮಳೆಗೇ ಗುಂಡಿ ತೆಗೆಯುತ್ತಾರಂತೆ.